ಹಸು ಬಾರದ ಗೃಹಪ್ರವೇಶ

"ಹಸು ಎಲ್ಲಿ ಗೌರಮ್ಮ? ಮುಹೂರ್ತ ಮೀರ್ತಾ ಇದೆ!" ಎಂದು ಗೇಟಿನಿಂದಲೇ ರೇಗಿದೆ. ಜ್ಞಾನಭಾರತಿ ಬಳಿಯ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಹಸು, ಕರು ತರಲು ಒಪ್ಪಿದ್ದ ಹಾಲಿನ ಗೌರಮ್ಮ ಬರಿಗೈಯಲ್ಲಿ ಬಂದು, ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದರು.

"ನಿನ್ನೆಯಿಂದ ಕೊಟ್ಟಿಗೇಲಿ ಕೋಳಿಗಳು ಸಾಯ್ತಾ ಇವೆ ಸಾರ್. ಈಗ ಹಸೂಗೂ ಮೈ ಬಿಸಿ. ಹಕ್ಕಿಜ್ವರ ಹಸೂಗೂ ಅಂಟಬಹುದು, ಪರೀಕ್ಷೆ ಆಗೋವರೆಗೂ ಯಾರೂ ಮುಟ್ಟಬೇಡಿ ಅಂದ್ರು ಡಾಕ್ಟ್ರು. ನಿಮ್ಮನೇಲಿ ಕೂಸು ಬೇರೆ ಇದೆ. ನಾನೂ ಒಳಗೆ ಬರಲ್ಲ."

ಹಿಂತಿರುಗಿ ನೋಡಿದೆ. ಮೊಮ್ಮಗಳ ಪುಟ್ಟ ಕೈಯಿಂದ ಹಸುವಿನ ಹಣೆಗೆ ಕುಂಕುಮ ಹಚ್ಚಿಸಬೇಕೆಂದು ಸೊಸೆ ಅವಳನ್ನು ಎತ್ತಿಕೊಂಡು ಹೊಸ್ತಿಲಲ್ಲೇ ಕಾದಿದ್ದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಪುರೋಹಿತರು ಪೂಜೆಯ ಬೆಳ್ಳಿ ಹಸುವನ್ನೇ ಮುಂದಿಟ್ಟು ನಮ್ಮನ್ನು ಒಳಗೆ ಕರೆದರು.

ಪುಣ್ಯಕ್ಕೆ, ಅದು ಹಕ್ಕಿಜ್ವರವಲ್ಲವೆಂದು ಪರೀಕ್ಷೆಯಲ್ಲಿ ತಿಳಿಯಿತು. ಹಸು ಚೇತರಿಸಿಕೊಂಡ ಮೇಲೆ ನಾವೇ ಗೌರಮ್ಮನನ್ನು ಕರೆದೆವು. ಮುಹೂರ್ತವಿಲ್ಲ, ಮಂತ್ರವಿಲ್ಲ; ಮುಂದೆ ಹಸು, ಹಿಂದೆ ಅವರು ಹೊಸ್ತಿಲು ದಾಟಿದರು. ಹಾಲ್‌ಗೆ ಬಂದದ್ದೇ ಹೊಸ ಟೈಲ್ಸ್ ಮೇಲೆ ಹಸು ಸಗಣಿ ಹಾಕಿತು. ದಿನಕ್ಕೆರಡು ಸಲ ನೆಲ ಒರೆಸುವ ನನ್ನ ಹೆಂಡತಿ ಕೈಮುಗಿದು, "ಈಗ ಆಯ್ತು ನೋಡಿ ಗೃಹಪ್ರವೇಶ" ಎಂದಳು.