ಒಂದು ದಿನ ಕಡಿಮೆ ಬಿದ್ದ ಪದಕ

ಮೊನ್ನೆ ಶಿರಸಿಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಹೆಂಡತಿ ರವಿಕೆಗೆ ಲೈನಿಂಗು ಆರಿಸುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ನನಗೆ ಹಸಿರು ಪಟ್ಟಿಯ ನಡುವೆ ಬಿಳಿ ಗೆರೆಯಿದ್ದ ರಿಬ್ಬನ್ನಿನ ಸುರುಳಿ ಕಂಡಿತು. ಥೇಟ್ ಹಿಮದ ಬೆಟ್ಟ ಕಾದ ಸೈನಿಕರಿಗೆ ಕೊಡುವ ಪದಕದ ರಿಬ್ಬನ್ನು. ಹಸಿರೆಂದರೆ ಸೈನಿಕನ ಉಡುಪು, ಬಿಳಿಯೆಂದರೆ ಹಿಮ. ಅದರ ನಿಯಮಾವಳಿ ನನಗೆ ಸಹಸ್ರನಾಮದಷ್ಟೇ ಬಾಯಿಪಾಠ. ಸೈನ್ಯಕ್ಕೆ ನನ್ನ ಸೇವೆಯೇನೆಂದು ಮಾತ್ರ ಕೇಳಬೇಡಿ. ಎನ್‌ಸಿಸಿ ಪರೇಡಿನಲ್ಲಿ ತಲೆ ತಿರುಗಿ ಬಿದ್ದದ್ದೇ ಕೊನೆ.

ಆಗ ನಾನು ಎಕ್ಕಂಬಿಯಲ್ಲಿ ಮಾಸ್ತರ. ಸೈನ್ಯದಿಂದ ನಿವೃತ್ತರಾದ ಈರ ನಾಯ್ಕರು ಅಲ್ಲಿ ಗದ್ದೆ ಮಾಡುತ್ತಿದ್ದರು. ಜೊತೆಯವರಿಗೆಲ್ಲ ಬಂದ ಪದಕ ಅವರಿಗೊಬ್ಬರಿಗೆ ಬಂದಿರಲಿಲ್ಲ. ಅವರು ಬೇಡವೆಂದರೂ ಬಿಡದೆ ನಾನು ಅರ್ಜಿ ಬರೆಯಲು ಕುಳಿತೆ. "ನಿಂಗ ಬರದ ಅರ್ಜಿ ಒಂದಾದ್ರೂ ಪಾಸಾಜಾ?" ಎಂದು ಹೆಂಡತಿ ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಯಮವೇನೋ ಸರಳ. ಗೊತ್ತುಪಡಿಸಿದ ಬೆಟ್ಟದ ಪ್ರದೇಶದಲ್ಲಿ ಸತತ ಮೂವತ್ತು ದಿನ ಇರಬೇಕು. ಅಲ್ಲಿ ಗಾಯಗೊಂಡವನಿಗೆ ದಿನದ ಲೆಕ್ಕವಿಲ್ಲ. ನಾಯ್ಕರು ಇದ್ದದ್ದು ಇಪ್ಪತ್ತೊಂಬತ್ತು ದಿನ. ಆ ಕೊನೆಯ ದಿನ ಜೊತೆಯ ಸೈನಿಕ, ಹಾವೇರಿ ಕಡೆಯ ಬಸಪ್ಪನಿಗೆ ಗುಂಡು ತಗುಲಿತು. ಅವನನ್ನು ಹೊತ್ತು ಕೆಳಗಿನ ಆಸ್ಪತ್ರೆಗೆ ಇಳಿದ ನಾಯ್ಕರು ಮರುದಿನವಿಡೀ ಅವನ ಮಂಚದ ಪಕ್ಕ ಕುಳಿತರು. ಆಸ್ಪತ್ರೆ ಆ ಪ್ರದೇಶದ ಹೊರಗಿತ್ತು; ಮತ್ತೆ ಹತ್ತುವಷ್ಟರಲ್ಲಿ ತುಕಡಿಯೇ ಬೆಟ್ಟ ಇಳಿದಿತ್ತು. ಹೀಗಾಗಿ ಹೊರಿಸಿಕೊಂಡವನಿಗೆ ಪದಕ ಬಂತು, ಹೊತ್ತವರಿಗೆ ಬರಲಿಲ್ಲ.

ಮೂರು ಪುಟ ತುಂಬ ಶೌರ್ಯ ಸುರಿದೆ. ಎರಡು ಸಾಲಿನ ಉತ್ತರ ಬಂತು: ಒಂದು ದಿನ ಕಡಿಮೆ. ಒಂದೇ ದಿನ ಹಾಜರಿ ತಪ್ಪಿದ ಮಕ್ಕಳಿಗೂ ಬಹುಮಾನ ಕೊಡದ ಈ ಮಾಸ್ತರನಿಗೆ ಅಂದು ನಿಯಮವೆಂದರೆ ಮೈಯೆಲ್ಲ ಉರಿ. ನಾಯ್ಕರು ಕಾಗದ ಮಡಚಿಟ್ಟು ಎಮ್ಮೆಗೆ ಹುಲ್ಲು ಹಾಕಲು ಎದ್ದರು.

ಸುದ್ದಿ ತಿಳಿದ ಬಸಪ್ಪ ಒಂದು ಭಾನುವಾರ ಕುಂಟುತ್ತ ಬಸ್ಸಿಳಿದು ಬಂದ. ತನ್ನ ಪದಕವನ್ನು ನಾಯ್ಕರ ಅಂಗೈಯಲ್ಲಿಟ್ಟ.

"ಇದು ನಿಮ್ಮದರಿ ಅಣ್ಣಾರ. ಗುಂಡು ಬಂದು ಬಡದದ್ದಕ್ಕ ನನಗ ಕೊಟ್ಟಾರ. ಅದರಾಗ ನನ್ನ ಕೆಲಸ ಏನಿತ್ರಿ?"

ನಾಯ್ಕರು ಅದನ್ನು ತಿರುಗಿಸಿ ನೋಡಿದರು. ಒಂದು ಬದಿಗೆ ಸಿಂಹಗಳು, ಇನ್ನೊಂದು ಬದಿಗೆ ಬೆಟ್ಟ, ಅಂಚಿನಲ್ಲಿ ಬಸಪ್ಪನ ಹೆಸರು. ಇನ್ನೊಬ್ಬರ ಹೆಸರಿನದನ್ನು ಹಾಕಿಕೊಳ್ಳುವ ಹಾಗಿಲ್ಲವೆಂದು ಮರಳಿಸಿದರು. ಬಸಪ್ಪ ತಲೆ ತಗ್ಗಿಸಿ ಕುಳಿತ.

"ಮೂವತ್ತನೇ ದಿನ ನಾ ಎಲ್ಲಿದ್ದೆ ಅಂತ ಅವರಿಗೆ ಗೊತ್ತಿಲ್ಲ. ನಿಂಗೆ ಗೊತ್ತಲ, ಸಾಕು," ಎಂದರು ನಾಯ್ಕರು.

ಕಳೆದ ಆಗಸ್ಟಿನಲ್ಲಿ ಸಿದ್ದಾಪುರದ ಶಾಲೆಯೊಂದರಲ್ಲಿ ಈ ಕಥೆ ಹೇಳಿದೆ. ಎದುರಿಗೇ ನಾಯ್ಕರು ಕುಳಿತಿದ್ದರು. ಚಪ್ಪಾಳೆಯೆಲ್ಲ ನನಗೇ ಎಂಬಂತೆ ಬೀಗುತ್ತ ವೇದಿಕೆ ಇಳಿದಾಗ ಅವರು ಮೆಲ್ಲನೆ ಹೇಳಿದರು: "ಮಾಸ್ತರ್ರೇ, ನಾನೊಬ್ಬನೇ ಹೊತ್ತಿದ್ದಲ್ಲ. ಅರ್ಧ ದಾರಿ ನಮ್ಮ ತುಕಡಿಯ ಅಡುಗೆಯವ ಹೊತ್ತಿದ್ದ. ನೀವು ಕೇಳಲಿಲ್ಲ."

ಆ ಮಾತು ಮೊನ್ನೆ ಅಂಗಡಿಯಲ್ಲಿ ಮತ್ತೆ ಚುಚ್ಚಿತು. ಹೆಂಡತಿಯನ್ನು ಮನೆಗೆ ಕಳಿಸಿ ಎಕ್ಕಂಬಿ ಬಸ್ಸು ಹತ್ತಿದೆ. ಅಡುಗೆಯವನ ಹೆಸರು ಕೇಳಿದರೆ ನಾಯ್ಕರು ಕೈಯಲ್ಲಿದ್ದ ಹುಲ್ಲಿನ ಹೊರೆ ಕೆಳಗಿಟ್ಟರು.

"ಚಾಚಾ ಅಂತಿದ್ವಿ. ಹೆಸರು ನಾನೂ ಕೇಳಲಿಲ್ಲ ನೋಡಿ."

ಬಸಪ್ಪನಿಗೆ ಫೋನು ಮಾಡಿದೆವು. ಅವನು ಚಾಚಾನ ಹೆಸರು, ಊರು, ತಂದೆಯ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನಾಯ್ಕರು ಚಾಚಾನ ಅರ್ಜಿಗೆಂದು ಒಂದು ಕಾಗದ ತಂದು ಕೊಟ್ಟರು. ಈ ಸಲ ಬೇಡವೆನ್ನಲಿಲ್ಲ.