ಇಲ್ಲದ ಬಾಗಿಲು

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಚನ್ನಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುವವಳು ನಾನು. ಇಂಥದ್ದಕ್ಕೆಲ್ಲ ತಲೆಯಾಡಿಸಿಕೊಂಡು ಕೂತರೆ ಹೇಗೆ? ನೀವೂ ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ನನ್ನ ತವರು ಕೂಟಗಲ್ ಕಡೆ. ಊರ ಹಿಂದಿನ ಗುಡ್ಡದ ಮೇಲೆ ಹಾಳುಬಿದ್ದ ಕೋಟೆಯಿದೆ. ಎರಡು ಸೀಮೆಗಳ ಗಡಿ ಕಾಯಲು ಪಾಳೆಯಗಾರರ ಕಾಲದಲ್ಲಿ ಕಟ್ಟಿಸಿದ್ದಂತೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಎಬ್ಬಿಸಿದ ಗೋಡೆ. ಬಾಗಿಲಿಗೆ ನೇರ ದಾರಿಯಿರಲಿಲ್ಲ. ಎರಡು ಗೋಡೆಗಳ ನಡುವೆ ನುಗ್ಗಿ ಎಡಕ್ಕೆ ತಿರುಗಿದರೆ ಮಾತ್ರ ಅದು ಎದುರಾಗುತ್ತಿತ್ತು. ಆನೆ ತಂದು ಗುದ್ದಿಸೋಣವೆಂದರೂ ಅದು ಓಡಿಬರಲು ಜಾಗ ಸಾಲದು. ಅಷ್ಟು ಯೋಚಿಸಿ ಕಟ್ಟಿದ್ದನ್ನು ಶತ್ರುಗಳು ಕೆಡವಲಿಲ್ಲ, ನಾವು ಕೆಡವಿದೆವು. ನಮ್ಮೂರಲ್ಲಿ ಕೋಟೆಯ ಕಲ್ಲು ಸೇರದ ಮನೆಯೇ ಇಲ್ಲ. ಜಗಲಿಗೆ ಅದೇ, ಬಟ್ಟೆ ಒಗೆಯಲು ಅದೇ. ಬಾಗಿಲ ಅಕ್ಕಪಕ್ಕ ನಿಲ್ಲಿಸಿದ್ದ ಎರಡು ಉದ್ದನೆಯ ಕಲ್ಲುಗಳನ್ನು ನನ್ನ ಅಣ್ಣ ಟ್ರ್ಯಾಕ್ಟರಿನಲ್ಲಿ ತಂದು ದನದ ಕೊಟ್ಟಿಗೆಗೆ ಕಂಬ ಮಾಡಿಕೊಂಡ. "ಸುಮ್ಕೆ ಬಿದ್ದಿರೋ ಕಲ್ಲು, ನಮ್ ದನಕಾದ್ರೂ ಆಗ್ಲಿ ಬುಡು" ಅಂದಿದ್ದ.

ಅದಾದ ಮೇಲೆ ಒಂದು ಬೇಸಿಗೆ ರಜೆಯಲ್ಲಿ, ಮಕ್ಕಳಿಗೆ ತೋರಿಸಲು ಕೋಟೆಯ ನಕ್ಷೆ ಬರೆದುಕೊಳ್ಳೋಣವೆಂದು ಅಣ್ಣನ ಜೊತೆ ಗುಡ್ಡ ಹತ್ತಿದೆ. ಮಟಮಟ ಮಧ್ಯಾಹ್ನ. ಬಾಗಿಲಿದ್ದ ಜಾಗದಲ್ಲಿ ಅದು ತಿರುಗುತ್ತಿದ್ದ ಕುಳಿಗಳು, ಗೋಡೆಯಲ್ಲಿ ಅಗುಳಿ ತೂರಿಸುತ್ತಿದ್ದ ತೂತು, ಇಷ್ಟು ಬಿಟ್ಟರೆ ಬರೀ ಬಯಲು. ಒಳಗೆ ಹೋಗುವಾಗ ಏನೂ ಆಗಲಿಲ್ಲ. ಅಣ್ಣ ಊರ ಸುದ್ದಿ ಹೇಳಿ ನಗಿಸುತ್ತಲೇ ಇದ್ದ.

ವಾಪಸ್ ಹೊರಟಾಗ ನಾನು ಮೊದಲು ದಾಟಿದೆ. ಹಿಂದೆ ಮಾತು ನಿಂತಿತು. ತಿರುಗಿದರೆ ಅಣ್ಣ ಎರಡೂ ಅಂಗೈಗಳನ್ನು ಗಾಳಿಗೆ ಒತ್ತಿಕೊಂಡು ನಿಂತಿದ್ದಾನೆ.

"ಬಾ ಅಣ್ಣಯ್ಯ, ತಮಾಷೆ ಸಾಕು" ಅಂದೆ.

"ಬಾಗ್ಲು ಹಾಕವ್ರೆ ಕಣವ್ವ" ಅಂದ, ಮೆಲ್ಲಗೆ. "ಅಗುಳಿ ಜಗ್ತಾ ಇಲ್ಲ. ನೀನೆಲ್ಲಿದ್ದೀಯೆ?"

ನನಗೆ ಅವನ ಮುಖ ಕಾಣುತ್ತಿತ್ತು, ಅವನಿಗೆ ನಾನು ಕಾಣುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಮೇಕೆ ಆರಾಮಾಗಿ ಹಾದುಹೋಯಿತು. ನಾನು ಒಳಗೆ ಹೋಗಿ ಅವನ ಕೈ ಹಿಡಿದು ಎಳೆದೆ. ದೇವರಾಣೆ ಹೇಳುತ್ತೇನೆ, ನನ್ನ ಕೈ ಆಚೆ ಬಂತು, ಅವನದು ಬರಲಿಲ್ಲ. ಅವನ ಬೆರಳ ಗೆಣ್ಣುಗಳು ತರಚಿ ರಕ್ತ ಬಂತು. ತರಚಲು ಅಲ್ಲಿ ಏನಿತ್ತು? ಕೊನೆಗೆ ಗೋಡೆ ಕುಸಿದಿದ್ದ ಇನ್ನೊಂದು ಕಡೆಯಿಂದ ಅವನನ್ನು ಮಗುವಿನ ಹಾಗೆ ಇಳಿಸಿಕೊಂಡು ಬಂದೆ. ಮನೆಯ ಹೊಸ್ತಿಲಲ್ಲೂ ಹಾಗೇ ನಿಂತ, ಅಲ್ಲಿ ಮಾತ್ರ ಕೈ ಹಿಡಿದು ಎಳೆದರೆ ಬಂದ.

ಮಾರನೆಯ ದಿನವೇ ಅಣ್ಣ ಆ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ ಅಲ್ಲೇ ಇಟ್ಟು ಬಂದ. ಏನೂ ಪ್ರಯೋಜನವಾಗಲಿಲ್ಲ. ಡಾಕ್ಟರು ನರದ ದೌರ್ಬಲ್ಯ ಅಂದರು, ಮಾತ್ರೆ ನುಂಗಿದ್ದೂ ಆಯಿತು. ಇವತ್ತಿಗೂ ಯಾವ ಬಾಗಿಲಾದರೂ ಸರಿ, ಮುಂದೆ ಹೋಗಿ ನಿಂತುಬಿಡುತ್ತಾನೆ. ಯಾರಾದರೂ ಕೈ ಹಿಡಿದು ದಾಟಿಸಬೇಕು. ನನ್ನ ಮಗಳ ಮದುವೆಯ ಗಡಿಬಿಡಿಯಲ್ಲಿ ನಾವು ಯಾರೂ ನೋಡಲೇ ಇಲ್ಲ. ಹೊಸ ಪಂಚೆ ಉಟ್ಟುಕೊಂಡು ಛತ್ರದ ಹೊರಗೇ ನಿಂತಿದ್ದ. ಸೋದರಮಾವನಿಲ್ಲದೆ ಧಾರೆ ಮುಗಿದುಹೋಯಿತು.

ಈಗ ಆ ಗುಡ್ಡದಲ್ಲಿ ಕ್ವಾರಿ ನಡೆಯುತ್ತಿದೆ. ಅರ್ಧ ಕೋಟೆ ಜಲ್ಲಿಯಾಗಿದೆ. ಅಣ್ಣ ವಾಪಸ್ ಇಟ್ಟ ಕಲ್ಲುಗಳೂ ಅದರಲ್ಲೇ ಹೋದವು. ಬಾಗಿಲಿದ್ದ ಜಾಗವನ್ನೇ ಅಗಲ ಮಾಡಿ ರಸ್ತೆ ತೆಗೆದಿದ್ದಾರೆ. ಹೋದ ಸಲ ತವರಿಗೆ ಹೋದಾಗ ಅಲ್ಲಿ ಕೂತು ಲಾರಿಗಳನ್ನು ನೋಡಿದೆ. ಒಂದಾದರೂ ನಿಲ್ಲಲಿ, ಅಗುಳಿ ಬೀಳಲಿ ಅಂತ ಬೇಡಿಕೊಂಡೆ. ನಂಬದವಳು ಬೇಡಿಕೊಂಡೆ. ಗುಡ್ಡವನ್ನೇ ಹೇರಿಕೊಂಡ ಲಾರಿಗಳು ಒಂದರ ಹಿಂದೊಂದು ಸಲೀಸಾಗಿ ದಾಟಿಹೋದವು. ಎರಡು ಕಲ್ಲು ತಂದವನಿಗೆ ಮುಚ್ಚಿಕೊಂಡ ಬಾಗಿಲು ಇವರಿಗೆ ಯಾಕೆ ತೆರೆದೇ ಇದೆ? ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಮನೆಗೆ ಬಂದರೆ ಅಣ್ಣ ಹೊಸ್ತಿಲ ಹೊರಗೆ ನಿಂತಿದ್ದ.

"ಒಳಿಕ್ಕೆ ಕರ್ಕೊಂಡೋಗವ್ವ" ಅಂದ, ಕೈ ಚಾಚಿ. "ಆಗ್ಲಿಂದ ನಿಂತಿವ್ನಿ."