ಜೂನ್ ಒಂದರ ಹುಡುಗರು

ಇಪ್ಪತ್ತೆರಡು ವರ್ಷ ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಬೆಳಗಾವಿಯಿಂದ ಖಾನಾಪುರ, ಜಾಂಬೋಟಿ, ಕಣಕುಂಬಿಯ ತನಕ ಎಲ್ಲಿ ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿದರೂ ಒಳಗೆ ಒಬ್ಬ ತಾಯಿ ಇರುತ್ತಿದ್ದಳು, ಅವಳ ತೊಡೆಯ ಮೇಲೆ ಮೀಸೆ ಚಿಗುರುತ್ತಿರುವ ಮಗ, ಕೈಯಲ್ಲಿ ಅರ್ಧ ಟಿಕೆಟ್. ‘ಎಷ್ಟ ವರ್ಷರೀ ಇವಂಗ?’ ಅಂದರೆ ‘ಹತ್ತ ಇನ್ನಾ ತುಂಬಿಲ್ರಿ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಕ್ರಮೇಣ ನಾನು ತಾಯಂದಿರ ಮುಖ ನೋಡುವುದನ್ನೇ ಬಿಟ್ಟೆ. ಎಮ್ಮೆ ಕೊಳ್ಳುವವರ ಹಾಗೆ ಹುಡುಗರ ಬಾಯಿ ತೆಗೆಸಿ ಹಲ್ಲು ನೋಡತೊಡಗಿದೆ. ‘ನೀವು ಗುಡಿಗಿ ಹೋದ್ರ ಪೂಜಾರಿಗೂ ಪಾಸ್ ಕೇಳವ್ರ’ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ನನಗೆ ಸಾಲ ಕೇಳಲು ಬಂದವರಿಲ್ಲ, ನೆಂಟಸ್ತನ ಕುದುರಿಸಲು ಕರೆದವರೂ ಇಲ್ಲ. ನನಗೆ ಅದರ ಬೇಸರವೂ ಇರಲಿಲ್ಲ.

ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ನಮ್ಮದೊಂದು ಹಳೆಯ ಫುಟ್‌ಬಾಲ್ ಕ್ಲಬ್ಬು. ಹರೆಯದಲ್ಲಿ ನಾನೂ ಅಲ್ಲಿ ಫುಲ್‌ಬ್ಯಾಕ್ ಆಡಿದ್ದೆ. ಎರಡು ಸಾವಿರದ ಆಸುಪಾಸಿಗೆ ನಮ್ಮ ಸೀನಿಯರ್ ತಂಡದವರಿಗೆ ಹೊಟ್ಟೆ ಬಂದಿತ್ತು. ಟೂರ್ನಮೆಂಟ್ ಹತ್ತಿರ ಬಂದಾಗ ಗೋವಾದಿಂದ ನಾಲ್ಕು ಜನ ಆಟಗಾರರನ್ನು ಕರೆಸುವುದು, ಅವರು ಉಂಡು, ಆಡಿ, ಕಪ್ಪಿನ ಜೊತೆ ಫೋಟೋ ತೆಗೆಸಿಕೊಂಡು ಹೋಗುವುದು ನಡೆದಿತ್ತು. ಕಡೆಗೆ ಕಮಿಟಿಯವರು ನಮ್ಮವರನ್ನೇ ಬೆಳೆಸೋಣ ಅಂದರು. ಹದಿನಾರರೊಳಗಿನ ಹುಡುಗರ ತಂಡ ಕಟ್ಟಿ, ಮೂರ್ನಾಲ್ಕು ವರ್ಷ ತಿದ್ದಿ, ಸೀನಿಯರ್ ತಂಡಕ್ಕೆ ಏರಿಸುವುದು ಅವರ ಲೆಕ್ಕಾಚಾರ. ಜೊತೆಗೆ ಗೋವಾದ ಒಂದು ದೊಡ್ಡ ಕ್ಲಬ್ಬಿನೊಂದಿಗೂ ಮಾತಾಗಿತ್ತು. ವರ್ಷಕ್ಕೊಮ್ಮೆ ಅವರ ಮನುಷ್ಯ ಬಂದು ಆಟ ನೋಡಿ, ಚಲೋ ಹುಡುಗರನ್ನು ತಮ್ಮ ಹಾಸ್ಟೆಲ್ಲಿಗೆ ಒಯ್ಯುತ್ತಿದ್ದ. ಊಟ, ವಸತಿ, ಓದು, ಬೂಟು ಎಲ್ಲವೂ ಅವರದೇ. ಅಲ್ಲಿಂದ ಅವರ ಸೀನಿಯರ್ ತಂಡಕ್ಕೆ ಏರಿದ ಹುಡುಗನಿಗೆ ಸಂಬಳ, ನೌಕರಿ ಸಿಗುತ್ತಿತ್ತು.

ಆಟ ಕಲಿಸಲು ನಿವೃತ್ತ ಹವಾಲ್ದಾರರೊಬ್ಬರಿದ್ದರು. ವಯಸ್ಸಿನ ಕಾಗದ ನೋಡುವುದು ನನ್ನ ಪಾಲಿಗೆ ಬಂತು. ನಾನು ಸಹಿ ಮಾಡದೆ ಯಾವ ಹುಡುಗನೂ ಗೋವಾದವನ ಎದುರು ಆಡುವಂತಿರಲಿಲ್ಲ.

ಎರಡನೆಯ ವರ್ಷದ ಆಯ್ಕೆಗೆ ಕ್ಯಾಂಪಿನ ಹುಡುಗರು ದವಾಖಾನೆಯ ಜನ್ಮಪತ್ರ ತಂದರು. ಖಾನಾಪುರ ಕಡೆಯ ಹುಡುಗರು ಶಾಲೆಯ ದಾಖಲೆ ತಂದರು. ಆ ಕಡೆಯ ಹನ್ನೊಂದು ಹುಡುಗರಲ್ಲಿ ಒಂಬತ್ತು ಜನ ಹುಟ್ಟಿದ್ದು ಜೂನ್ ಒಂದಕ್ಕೆ! ಯಾಕೆಂದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೂ ಕಾಗದದ ಮೇಲೆ ಜೂನ್ ಒಂದರವನೇ. ಅಪ್ಪ ಮಗುವಿನ ಕೈ ಹಿಡಿದು ಶಾಲೆಗೆ ಬರುತ್ತಾನೆ, ಹುಟ್ಟಿದ ದಿನ ಅವನಿಗೆ ನೆನಪಿರುವುದಿಲ್ಲ, ಮಾಸ್ತರರು ಮಗುವನ್ನೊಮ್ಮೆ ನೋಡಿ ಶಾಲೆ ಶುರುವಾಗುವ ದಿನವನ್ನೇ ಬರೆದು ವರ್ಷವನ್ನು ಸರಿಹೊಂದಿಸುತ್ತಾರೆ. ಆದರೂ ಆ ಒಂಬತ್ತು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಒಂಬತ್ತು ತಾಯಂದಿರು ಅರ್ಧ ಟಿಕೆಟ್ ಹಿಡಿದು ನಿಂತಂತೆ ಕಂಡಿತು.

ಅವರಲ್ಲೊಬ್ಬನ ಮೇಲೆ ನನ್ನ ಕಣ್ಣು ನೆಟ್ಟಿತು. ಜಾಂಬೋಟಿಯ ಆಚೆ ಕಾಡಿನಂಚಿನ ಗೌಳಿವಾಡೆಯ ಹುಡುಗ, ಎಮ್ಮೆ ಸಾಕುವವರ ಮಗ. ಶಾಲೆಯಲ್ಲಿ ಹತ್ತನೇತ್ತೆ, ಅಂದರೆ ಹತ್ತನೇ ತರಗತಿ. ಕಾಗದದ ಪ್ರಕಾರ ಇನ್ನು ಮೂರು ತಿಂಗಳಿಗೆ ಹದಿನಾರು ತುಂಬುತ್ತಿತ್ತು. ಗಿಡ್ಡ, ಆದರೆ ಮೀನಖಂಡಗಳು ಕಲ್ಲಿನಂತಿದ್ದವು. ದನಿ ಒಡೆದಿತ್ತು, ಮೇಲ್ದುಟಿಯ ಮೇಲೆ ಕರಿ ನೆರಳು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಆಡುವ ರೀತಿ ನನ್ನನ್ನು ಕಾಡಿತು. ಮಿಕ್ಕ ಹುಡುಗರು ಚೆಂಡಿನ ಹಿಂದೆ ಓಡಿದರೆ ಇವನು ಚೆಂಡು ಬರುವ ಕಡೆ ಮೊದಲೇ ಹೋಗಿ ನಿಂತಿರುತ್ತಿದ್ದ. ಇಷ್ಟು ಸಮಾಧಾನ ಈ ವಯಸ್ಸಿಗೆ ಬರುವುದಿಲ್ಲ, ಇವನಿಗೆ ಹದಿನೆಂಟಕ್ಕೆ ಕಡಿಮೆಯಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ.

ಒಂದು ದಿನ ಅವನು ಹವಾಲ್ದಾರರ ಕೈಗೆ ಎಲೆಯಲ್ಲಿ ಕಟ್ಟಿದ ಖವಾ ಕೊಡುವುದು ಕಂಡಿತು. ‘ಎಮ್ಮಿ ಹಾಲಿನ ಖವಾ ಇನ್ಸ್‌ಪೆಕ್ಟರ್ ಸಾಹೇಬ್ರ, ತಗೋರಿ, ನೀವೂ ಬಾಯಿಗೆ ಹಾಕ್ರಿ’ ಅಂದರು ಅವರು. ನಾನು ಮುಟ್ಟಲಿಲ್ಲ. ಖವಾ ಯಾಕೆ ಬಂತು, ಯಾರಿಗೆ ಬಂತು, ಇದಕ್ಕೆ ಮೊದಲು ಎಷ್ಟು ಸಲ ಬಂದಿತ್ತು ಎಂದು ಮನೆ ಮುಟ್ಟುವವರೆಗೂ ತಲೆಯೊಳಗೆ ತಪಾಸಣೆ ನಡೆದಿತ್ತು.

ಗೋವಾದವನು ಬರುವುದು ಭಾನುವಾರ. ಶನಿವಾರ ರಜೆ ಹಾಕಿ ಜಾಂಬೋಟಿ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಸುದ್ದಿ ನನಗಿಂತ ಮೊದಲು ಹೋಗಿ ತಲುಪುತ್ತದೆ. ಶಾಲೆಯಲ್ಲಿ ಹೊಸ ಹೆಡ್‌ಮಾಸ್ತರರು ಹಳೆಯ ಪುಸ್ತಕ ತೆಗೆದು ತೋರಿಸಿದರು. ಮೇಲಿನಿಂದ ಕೆಳಗಿನ ತನಕ ಜೂನ್ ಒಂದು, ಜೂನ್ ಒಂದು. ಬರೆದ ಮಾಸ್ತರರು ತೀರಿಹೋಗಿದ್ದರು. ಕೇಳುವಂತಿಲ್ಲ. ಅಲ್ಲಿಂದ ಗೌಳಿವಾಡೆಗೆ ಕಾಡಿನ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ನಡೆದೆ.

ನಾಲ್ಕೇ ಮನೆ. ಹುಡುಗನ ತಾಯಿ ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ ಹಾಲು ಕಾಯಿಸಿ ಖವಾ ತಿರುವುತ್ತಿದ್ದಳು. ಪೇಟೆಯ ಮಿಠಾಯಿ ಅಂಗಡಿಗೆ ಹಾಕುವುದಂತೆ. ಕ್ಲಬ್ಬಿನವನು ಎಂದು ಹೇಳಿದ್ದಷ್ಟೇ, ಹಲಗೆ ಹಾಕಿ ‘ಬಸಾ ಸಾಹೇಬ್ರ, ಕುಂದರ್ರಿ’ ಎಂದು ಮರಾಠಿ ಕನ್ನಡ ಎರಡರಲ್ಲೂ ಉಪಚರಿಸಿದಳು. ನೇರವಾಗಿ ಕೇಳಿದರೆ ನೇರವಾದ ಸುಳ್ಳು ಸಿಗುತ್ತದೆ ಎಂಬುದು ನನ್ನ ಅನುಭವ. ಅದಕ್ಕೆ ಬೇರೆ ಗಾಳ ಹಾಕಿದೆ.

‘ನಿಮ್ಮ ಹುಡುಗ ಭಾಳ ಸಣ್ಣಾಂವ ಕಾಣತಾನಲ್ರಿ.’

ಅವಳ ಕೈಯ ಸೌಟು ನಿಂತಿತು. ‘ಇಲ್ರಿ ಸಾಹೇಬ್ರ! ಸೋಳಾ ತುಂಬ್ಯಾವ್ರಿ, ಹದಿನಾರ. ಬೇಕಾದ್ರ ಹದಿನೇಳ ಅಂತ ಬರಕೋರಿ. ಗಿಡ್ಡ ಅದಾನ ಅಷ್ಟ. ಎರಡೂ ಕೈಯಾಗ ಹಾಲಿನ ಕ್ಯಾನ್ ಹಿಡಕೊಂಡು ಜಾಂಬೋಟಿತನಾ ನಡಕೋತ ಹೋಗ್ತಾನ್ರಿ. ಸಣ್ಣಾಂವ ಅಂತ ಹೊಳ್ಳಿ ಕಳಸಬ್ಯಾಡ್ರಿ.’

ಮಗನ ವಯಸ್ಸು ಇಳಿಸುವ ತಾಯಂದಿರನ್ನು ಜೀವನಪೂರ್ತಿ ಕಂಡಿದ್ದೆ. ಏರಿಸುವವಳನ್ನು ಕಂಡದ್ದು ಅಂದೇ. ಹದಿನೇಳು ಎಂಬ ಮಾತು ತಾನಾಗಿ ಬಾಯಿಂದ ಜಾರಿತಲ್ಲ, ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ಒಳಗಿನಿಂದ ಪುಸ್ತಕ ಹಿಡಿದ ಹುಡುಗಿಯೊಬ್ಬಳು ಹೊರಗೆ ಬಂದಳು. ಹುಡುಗನ ಅಕ್ಕ. ಖಾನಾಪುರದ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ.

‘ಆಯಿ, ಸುಮ್ನಿರು. ಸುಳ್ಳ ಯಾಕ ಹೇಳ್ತಿ?’ ಅಂದಳು ತಾಯಿಗೆ. ಆಮೇಲೆ ನನ್ನ ಕಡೆ ತಿರುಗಿ, ‘ಅವಂಗಿನ್ನಾ ಹದಿನಾಲ್ಕ ತುಂಬಿಲ್ರಿ ಸರ್. ನನ್ನ ಸಂಬಂಧ, ನನಗ ಜೊತಿ ಬೇಕಂತ, ಅವನ್ನ ಸಾಲಿಗೆ ಲಗೂನ ಹಾಕ್ಯಾರ್ರಿ.’

ತಲೆ ತಗ್ಗಿಸಿಕೊಂಡೇ ಅವಳು ಹೇಳಿದಳು. ಅವಳು ಎರಡನೇತ್ತೆ ಮುಗಿಸುವ ಹೊತ್ತಿಗೆ ವಾಡೆಯಿಂದ ಜೊತೆಗೆ ಬರುತ್ತಿದ್ದ ಇನ್ನೊಬ್ಬ ಹುಡುಗಿ ಶಾಲೆ ಬಿಟ್ಟಳಂತೆ. ದಾರಿಯಲ್ಲಿ ಕರಡಿಯ ಭಯ. ಒಬ್ಬಳೇ ಹೋಗಲಾರೆ ಎಂದು ಇವಳು ಅತ್ತಳಂತೆ. ಹಾಗಾದರೆ ಎಮ್ಮೆ ಹಿಂದೆ ಹೋಗು ಅಂದನಂತೆ ಅಪ್ಪ. ಮೂರು ದಿನ ಅವಳು ಊಟ ಬಿಟ್ಟಾಗ ತಾಯಿಗೆ ಈ ಉಪಾಯ ಹೊಳೆಯಿತು: ತಮ್ಮನನ್ನೂ ಶಾಲೆಗೆ ಹಾಕಿದರೆ ದಾರಿಗೆ ಇಬ್ಬರಾದರು. ಅವನಿಗಾಗ ನಾಲ್ಕು. ಅಪ್ಪನೂ ಕಡೆಗೆ ಮಗಳ ಹಟಕ್ಕೆ ಮಣಿದು ಕೈಕಾಲು ಹಿಡಿದುಕೊಂಡ ಮೇಲೆ ಮಾಸ್ತರರು ಆರು ತುಂಬುವಂತೆ ಜೂನ್ ಒಂದು ಬರೆದರು.

‘ಜೊತಿಗೆ ಅಂತ ಕರಕೊಂಡು ಹೋಗಿ, ಅರ್ಧಾ ದಾರಿ ನಾನ ಅವನ್ನ ಹೊತಗೊಂಡು ಹೋಗ್ತಿದ್ನಿರಿ’ ಎಂದು ಅವಳು ಸ್ವಲ್ಪ ನಕ್ಕಳು. ‘ಮೂರನೇತ್ತಾಕ್ಕ ಬಂದಮ್ಯಾಲ ಅವಂದು ಮುಂದಿನ ಹಾಲಹಲ್ಲ ಬಿದ್ದಾವ್ರಿ. ಸಾಲ್ಯಾಗ ಎಲ್ಲಾರೂ ನಗತಿದ್ರು.’

ಹಲ್ಲಿನ ಮಾತು ಕೇಳಿದ ಮೇಲೆ ನಾನು ಎದ್ದೆ. ನಂಬಿಬಿಟ್ಟೆ ಅನ್ನುವಂತಿಲ್ಲ. ಕಾಲುದಾರಿಯಲ್ಲಿ ವಾಪಸು ಬರುವಾಗ ಖಾಲಿ ಕ್ಯಾನ್ ಹಿಡಿದು ಬರುತ್ತಿದ್ದ ಹುಡುಗ ಎದುರಾದ. ಅಲ್ಲೇ ನಿಲ್ಲಿಸಿ, ಬಿಸಿಲಿಗೆ ಮುಖ ಮಾಡಿಸಿ, ಬಾಯಿ ತೆಗೆ ಅಂದೆ. ಅವನು ಯಾಕೆಂದು ಕೇಳದೆ ತೆಗೆದ. ಹಿಂದಿನ ದವಡೆಯ ಹಲ್ಲು ಇನ್ನೂ ಅರ್ಧ ಒಸಡಿನೊಳಗೇ ಇತ್ತು. ಹದಿನೆಂಟು ಎಂದು ತೀರ್ಪು ಬರೆದ ನನಗೆ ಅಲ್ಲಿ ನಿಂತಲ್ಲೇ ನಾಚಿಕೆಯಾಯಿತು. ‘ನಾಳೆ ಹೊತ್ತಿಗೆ ಸರಿಯಾಗಿ ಬಾ’ ಎಂದಷ್ಟೇ ಹೇಳಿ ಬಂದೆ.

ಭಾನುವಾರ ಮುಂಜಾನೆ ಫಾರ್ಮಿಗೆ ಸಹಿ ಮಾಡಿದೆ. ಕಾಗದದಲ್ಲಿದ್ದ ವಯಸ್ಸು ಸುಳ್ಳು ಎಂದು ಗೊತ್ತಿದ್ದೂ ಮಾಡಿದೆ. ದಾಖಲೆಯಲ್ಲಿರುವುದನ್ನು ಬಿಟ್ಟು ಬೇರೆ ಬರೆದರೆ ಫಾರ್ಮೇ ತಿರಸ್ಕಾರವಾಗುತ್ತಿತ್ತು. ಹೇಗೂ ಹುಡುಗ ಹದಿನಾರರ ಒಳಗಿನವನೇ, ಯಾರಿಗೂ ಮೋಸವಾಗುವುದಿಲ್ಲ ಎಂದುಕೊಂಡೆ.

ಆವತ್ತು ಅವನು ಆಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಗೋಲು ಹೊಡೆದ. ಎರಡನೆಯದಕ್ಕೆ ಹವಾಲ್ದಾರರು ತಮ್ಮ ಟೋಪಿಯನ್ನು ಮೇಲಕ್ಕೆ ತೂರಿದರು. ನಾನೂ ಚಪ್ಪಾಳೆ ಹೊಡೆದೆ. ಅಷ್ಟು ನಿರಾಳವಾಗಿ ಚಪ್ಪಾಳೆ ಹೊಡೆದು ಎಷ್ಟೋ ವರ್ಷವಾಗಿತ್ತು.

ಗೋವಾದವನು ಆಯ್ಕೆಯಾದವರ ಹೆಸರು ಓದಿದ. ಎರಡೇ ಹೆಸರು, ಇಬ್ಬರೂ ಕ್ಯಾಂಪಿನ ಹುಡುಗರು. ನಾನು ಅವನನ್ನು ಬೇವಿನ ಮರದ ಕೆಳಗೆ ಹಿಡಿದು ನಿಲ್ಲಿಸಿ ಯಾಕೆ ಹೀಗೆ ಎಂದು ಕೇಳಿದೆ. ಅವನು ಮರಾಠಿಯಲ್ಲಿ ಹೇಳಿದ್ದು ಇಷ್ಟು: ‘ಆಟ ಅವನದೇ ಎಲ್ಲರಿಗಿಂತ ಚಲೋ. ಆದರೆ ಮೂರು ತಿಂಗಳಿಗೆ ಹದಿನಾರು ಮುಗಿಯುತ್ತದೆ. ಅಷ್ಟರಲ್ಲಿ ನಾನೇನು ಕಲಿಸಲಿ? ಮೀಸೆ ಬಂದಿದೆ, ದನಿ ಒಡೆದಿದೆ, ಇನ್ನು ಬೆಳೆಯುವ ದೇಹವಲ್ಲ. ಇಷ್ಟು ಗಿಡ್ಡ ಹುಡುಗ ಸೀನಿಯರ್ ತಂಡದಲ್ಲಿ ತಡೆಯುವುದಿಲ್ಲ. ಹದಿನಾಲ್ಕು ಆಗಿದ್ದರೆ ಇವತ್ತೇ ಗಾಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದೆ.’

‘ಹದಿನಾಲ್ಕೇ!’ ಅಂದೆ. ದನಿ ನನ್ನದೇ ಎನಿಸಲಿಲ್ಲ. ಶಾಲೆ, ಅಕ್ಕ, ಕರಡಿ, ಹಾಲುಹಲ್ಲು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವನು ಕೇಳಿಸಿಕೊಂಡ. ಆಮೇಲೆ ನಗತೊಡಗಿದ. ಸಿಟ್ಟಿನ ನಗೆಯಲ್ಲ, ಸ್ನೇಹದ್ದೇ. ‘ಸಾಹೇಬ, ಹೋದ ವರ್ಷ ಇದೇ ಮರದ ಕೆಳಗೆ ಚಹಾ ಕುಡಿಯುತ್ತ ನೀವೇ ಹೇಳಿದ್ದಿರಿ. ಖಾನಾಪುರ ಕಡೆಯ ವಯಸ್ಸು ಯಾವುದಿದ್ದರೂ ಮೇಲೆ ಎರಡು ಕೂಡಿಸಿಕೊಳ್ಳಿ ಅಂತ. ಆ ಲೆಕ್ಕದಲ್ಲಿ ಇವನಿಗೆ ಹದಿನೆಂಟು. ಇವತ್ತು ಎರಡು ಕಳೆ ಅನ್ನುತ್ತೀರಿ. ಫಾರ್ಮಿನ ಮೇಲೆ ಸಹಿ ಯಾರದು?’

ಹೌದು, ಹೇಳಿದ್ದೆ. ನಗುತ್ತ, ನನ್ನ ಚಾಣಾಕ್ಷತನವನ್ನು ನಾನೇ ಮೆಚ್ಚಿಕೊಂಡು ಹೇಳಿದ್ದೆ. ಸಹಿಯೂ ನನ್ನದೇ. ಕೋರ್ಟಿನಿಂದ ತಿದ್ದಿಸಿ ತರುತ್ತೇನೆ, ಒಂದು ತಿಂಗಳು ಕೊಡಿ ಅಂದೆ. ಸೀಟು ಎರಡೇ, ತುಂಬಿದವು ಎಂದು ನನ್ನ ಹೆಗಲು ತಟ್ಟಿ ಅವನು ಗಾಡಿ ಹತ್ತಿದ. ಜೀವನದಲ್ಲಿ ಅಷ್ಟು ಖರೇ ಮಾತನ್ನು ನಾನು ಯಾರ ಎದುರೂ ಆಡಿರಲಿಲ್ಲ. ಅವನು ನನ್ನನ್ನು ನೋಡಿದ್ದು ಮಾತ್ರ ನಾನು ಆ ತಾಯಂದಿರನ್ನು ನೋಡುತ್ತಿದ್ದ ಹಾಗೆಯೇ. ಅಷ್ಟು ಅಸಹ್ಯ ನನ್ನ ಮೇಲೆ ನನಗೆ ಹಿಂದೆಂದೂ ಆಗಿರಲಿಲ್ಲ.

ಹುಡುಗ ಬೂಟು ಬಿಚ್ಚಿ ಕೂತಿದ್ದ. ಬೂಟು ಕ್ಲಬ್ಬಿನವು, ವಾಪಸು ಕೊಡಬೇಕಿತ್ತು. ಅವನಿಂದ ಮುಚ್ಚಿಡಲಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನಾನು ಹೋದ ವರ್ಷ ಆಡಿದ ಮಾತನ್ನು ಮಾತ್ರ ಬಿಟ್ಟು. ಅವನು ಬೂಟಿನ ಮಣ್ಣು ಕೆರೆದು ನನ್ನ ಕೈಗೆ ಕೊಟ್ಟ.

‘ಸರ್, ವಯಸ್ಸಿನ ಮಾತು ಅಕ್ಕಗ ಹೇಳಬ್ಯಾಡ್ರಿ’ ಅಂದ. ‘ತನ್ನಿಂದ ಆತು ಅಂತ ತಿಳಕೋತಾಳ. ನಾ ಚಲೋ ಆಡಲಿಲ್ಲ ಅಂತ ಹೇಳ್ರಿ. ನಾನೂ ಹಂಗ ಹೇಳ್ತೀನಿ.’

ಆಗಲಿ ಅಂದೆ.

ಸೋಮವಾರ ಮಧ್ಯಾಹ್ನ ಬೆಳಗಾವಿ ಬಸ್ ಸ್ಟ್ಯಾಂಡಿನ ನಮ್ಮ ತಪಾಸಣೆಯವರ ಕೋಣೆಯ ಬಾಗಿಲಲ್ಲಿ ಅವನ ಅಕ್ಕ ನಿಂತಿದ್ದಳು, ಕಾಲೇಜು ತಪ್ಪಿಸಿ ಬಂದಿದ್ದಳು. ಪುಸ್ತಕಗಳನ್ನು ಎದೆಗೆ ಅವಚಿಕೊಂಡಿದ್ದಳು.

‘ಅವ ಚಲೋ ಆಡಲಿಲ್ಲಂತ. ಖರೇನ್ರಿ ಸರ್?’

‘ಹೌದವಾ ತಂಗಿ. ನಿನ್ನೆ ಯಾಕೋ ಅವನ ಆಟ ಕೂಡಿ ಬರಲಿಲ್ಲ. ಮುಂದಿನ ವರ್ಷ ನೋಡೂಣು.’

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಎದುರಿನ ಕಾಗದಗಳನ್ನು ಜೋಡಿಸಿದೆ.

‘ನಾ ಬಂದಿದ್ನಿರಿ ನಿನ್ನೆ’ ಅಂದಳು. ‘ಅವಂಗ ಹೇಳದ ಬಂದಿದ್ನಿ. ರಸ್ತೆದಾಗ ಕಬ್ಬಿನಹಾಲಿನ ಗಾಡಿ ಬಾಜು ನಿಂತು ನೋಡಿದ್ನಿ. ಎರಡೂ ಗೋಲ್ ನೋಡೀನ್ರಿ.’

ಹೊರಗೆ ಖಾನಾಪುರದ ಬಸ್ಸು ಹೊರಡುವುದಾಗಿ ಕೂಗುತ್ತಿದ್ದರು. ಅವಳು ಕದಲಲಿಲ್ಲ.

‘ಯಾಕ ತಗೊಳ್ಳಿಲ್ರಿ ಅವನ್ನ? ನನ್ನ ಸಂಬಂಧ ಏನ್ರಿ?’

ನಾನು ಎದ್ದು ನನ್ನ ಖುರ್ಚಿಯನ್ನೇ ಅವಳ ಕಡೆ ಸರಿಸಿದೆ. ‘ನಿನ್ನ ಸಂಬಂಧ ಅಲ್ಲವಾ’ ಅಂದೆ, ‘ನನ್ನ ಸಂಬಂಧ.’ ಮರದ ಕೆಳಗಿನ ಮಾತು, ಚಹಾ, ನಗೆ, ಸಹಿ, ಒಂದನ್ನೂ ಬಿಡದೆ ಹೇಳಿದೆ. ಅವಳು ನಿಂತೇ ಕೇಳಿದಳು. ಎಲ್ಲ ಮುಗಿದ ಮೇಲೆ, ‘ನನ್ನ ಸಮಾಧಾನಕ್ಕ ಸುಳ್ಳ ಹೇಳಾಕತ್ತೀರಿ ಸರ್’ ಎಂದು ಕಣ್ಣೊರೆಸಿಕೊಂಡು ಹೊರಟುಹೋದಳು.